ಮೊದಲು ಆಟ, ಆಮೇಲೆ ಸ್ಟುಡಿಯೋ: ಇಂಡೀ ಗೇಮ್ ಮಾಡಹೊರಟ ವಿದ್ಯಾರ್ಥಿಗೊಂದು ಮಾರ್ಗದರ್ಶಿ

ಇಂಡೀ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ಗೇಮ್ ಸ್ಟುಡಿಯೋ ತೆರೆಯಬೇಕೆಂದು ಸಲಹೆ ಕೇಳಿ ಬರುವ ವಿದ್ಯಾರ್ಥಿಗಳ ಕೈಯಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳು ಸಿದ್ಧವಾಗಿರುತ್ತವೆ: ಸ್ಟುಡಿಯೋದ ಹೆಸರು, ಅದರ ಲೋಗೋ ಮತ್ತು ನೂರು ಗಂಟೆ ಆಡಿದರೂ ಮುಗಿಯದ ಮಹಾಕಥೆಯೊಂದರ ಟಿಪ್ಪಣಿ. ಕುಳಿತು ಆಡಿ ನೋಡಬಹುದಾದ ಐದು ನಿಮಿಷದ ಆಟ ಮಾತ್ರ ಇರುವುದಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಈ ಉತ್ಸಾಹವನ್ನು ನಾನು ಹಳಿಯುವುದಿಲ್ಲ. ಆ ಉತ್ಸಾಹವಿಲ್ಲದೆ ಯಾರೂ ಈ ದಾರಿಗೆ ಬರುವುದೂ ಇಲ್ಲ. ಆದರೆ ಕೆಲಸದ ಅನುಕ್ರಮ ತಲೆಕೆಳಗಾಗಿದೆ ಎಂಬುದನ್ನು ಹೇಳಲೇಬೇಕು. ಪದವಿ ಓದುತ್ತಿರುವಾಗಲೇ ಶುರುಮಾಡಿ, ಹೆತ್ತವರ ಹಣವನ್ನು ಪಣಕ್ಕಿಡದೆ, ಸುಮಾರು ಎರಡು ವರ್ಷಗಳಲ್ಲಿ ಒಂದು ಆಟವನ್ನು ಮಾರಾಟಕ್ಕಿಡುವವರೆಗಿನ ಕೆಲಸಗಳನ್ನು ಅವು ಬರಬೇಕಾದ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಆಡುವ ಕಣ್ಣನ್ನು ಮಾಡುವ ಕಣ್ಣಾಗಿಸುವುದು

ಸಾವಿರಾರು ಗಂಟೆ ಆಡಿದ ಅನುಭವ ಆಟ ಮಾಡುವುದಕ್ಕೆ ತಾನಾಗಿಯೇ ಒದಗಿಬರುವುದಿಲ್ಲ; ದಿನಾ ಹೋಟೆಲಿನಲ್ಲಿ ಉಣ್ಣುವವನಿಗೆ ಅಡುಗೆ ಬರುತ್ತದೆಂದು ಯಾರೂ ಹೇಳುವುದಿಲ್ಲವಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು, ನಿಮಗೆ ಇಷ್ಟವಾದ ಆಟದ ಮೊದಲ ಹತ್ತು ನಿಮಿಷಗಳನ್ನು ಮತ್ತೆ ಆಡಿ, ಪ್ರತಿ ನಿಮಿಷದಲ್ಲಿ ಆಟ ನಿಮಗೆ ಏನನ್ನು ಕಲಿಸಿತು, ಯಾವ ಸದ್ದು ಯಾವ ಕ್ಷಣದಲ್ಲಿ ಬಂತು, ಎಲ್ಲಿ ನೀವು ಸೋತಿರಿ, ಸೋತ ಎಷ್ಟು ಸೆಕೆಂಡುಗಳಲ್ಲಿ ಮತ್ತೆ ಆಡಲು ಬಿಟ್ಟಿತು ಎಂಬುದನ್ನು ಬರೆದಿಡಿ. ಇಂತಹ ನಾಲ್ಕೈದು ಟಿಪ್ಪಣಿಗಳಾದರೆ ಸಾಕು, ಮುಂದಿನ ಹೆಜ್ಜೆಗೆ ಹೋಗಬಹುದು.

ಎರಡನೆಯ ಹೆಜ್ಜೆ: ಚೌಕಾಬಾರವನ್ನು ಕಂಪ್ಯೂಟರಿಗೆ ತರುವುದು

ಮೊದಲ ಆಟಕ್ಕೆ ಹೊಸ ಕಲ್ಪನೆ ಬೇಡ. ನಿಯಮಗಳು ಮೊದಲೇ ಗೊತ್ತಿರುವ ಆಟವೊಂದನ್ನು ಆರಿಸಿಕೊಂಡರೆ ನಿಮ್ಮ ಪೂರ್ತಿ ಗಮನ ತಯಾರಿಕೆಯ ಮೇಲೆ ನಿಲ್ಲುತ್ತದೆ. ಇದಕ್ಕೆ ನಮ್ಮ ಮನೆಗಳ ಚೌಕಾಬಾರಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ಐದು ಸಾಲು, ಐದು ಕಂಬಸಾಲಿನ ಇಪ್ಪತ್ತೈದು ಮನೆಗಳು; ಹೊರ ಸುತ್ತಿನಲ್ಲಿ ಹದಿನಾರು, ಒಳ ಸುತ್ತಿನಲ್ಲಿ ಎಂಟು, ನಡುವೆ ಒಂದು ಹಣ್ಣಿನ ಮನೆ; ಒಬ್ಬೊಬ್ಬರಿಗೆ ನಾಲ್ಕು ಕಾಯಿ; ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ; ಗೆರೆ ಎಳೆದ ಕಟ್ಟೆಯಲ್ಲಿರುವ ಕಾಯನ್ನು ಕಡಿಯುವಂತಿಲ್ಲ. ನಿಯಮಗಳು ಮನೆಯಿಂದ ಮನೆಗೆ ಸ್ವಲ್ಪ ಬದಲಾಗುತ್ತವೆ, ಅದೂ ಒಂದು ಪಾಠವೇ. ಇದು ಯಾರ ಸ್ವತ್ತೂ ಅಲ್ಲದ ಜನಪದ ಆಟವಾದ್ದರಿಂದ ಹಕ್ಕಿನ ತಕರಾರೂ ಇಲ್ಲ.

ಇದನ್ನು ಮಾಡಹೊರಟ ಬಹುತೇಕರು ಎಡವುವ ಒಂದು ಜಾಗವನ್ನು ಹತ್ತಿರದಿಂದ ತೋರಿಸುತ್ತೇನೆ. ನಾಲ್ಕು ಕವಡೆಗಳನ್ನು ಎಸೆದಾಗ ಬೀಳುವ ಗರಗಳು ಒಂದು, ಎರಡು, ಮೂರು, ನಾಲ್ಕು ಮತ್ತು ಎಂಟು. ಹೊಸಬರು ಈ ಐದು ಸಂಖ್ಯೆಗಳಲ್ಲಿ ಯಾವುದಾದರೊಂದನ್ನು ಆರಿಸುವಂತೆ ಕಂಪ್ಯೂಟರಿಗೆ ಹೇಳುತ್ತಾರೆ. ಆಟ ನಡೆಯುತ್ತದೆ, ಯಾವ ದೋಷವೂ ಕಾಣಿಸುವುದಿಲ್ಲ; ಆದರೆ ಅಜ್ಜಿಯ ಕೈಗೆ ಕೊಟ್ಟರೆ ಹತ್ತು ನಿಮಿಷದಲ್ಲಿ "ಇದೇನು, ಇಷ್ಟು ಸಲ ನಾಲ್ಕು, ಎಂಟು ಬೀಳುತ್ತೆ?" ಎಂದು ಕೇಳುತ್ತಾರೆ. ಅವರು ಹೇಳುವುದು ಸರಿ. ಪ್ರತಿ ಕವಡೆಯೂ ಮೇಲಾಗಿ ಅಥವಾ ಮಗುಚಿ ಸಮಾನವಾಗಿ ಬೀಳುತ್ತದೆಂದು ಇಟ್ಟುಕೊಂಡರೂ ನಾಲ್ಕು ಕವಡೆಗಳು ಬೀಳುವ ಬಗೆ ಹದಿನಾರು. ಅದರಲ್ಲಿ ಒಂದರ ಗರ ನಾಲ್ಕು ಬಗೆಯಲ್ಲಿ, ಎರಡರದು ಆರು ಬಗೆಯಲ್ಲಿ, ಮೂರರದು ನಾಲ್ಕು ಬಗೆಯಲ್ಲಿ ಬಿದ್ದರೆ, ನಾಲ್ಕು ಮತ್ತು ಎಂಟು ತಲಾ ಒಂದೇ ಬಗೆಯಲ್ಲಿ ಬೀಳುತ್ತವೆ. ಅಂದರೆ ಮತ್ತೊಮ್ಮೆ ಎಸೆಯುವ ಅವಕಾಶ ತರುವ ಈ ಎರಡು ಗರಗಳು ನಿಜವಾದ ಆಟದಲ್ಲಿ ಎಂಟು ಎಸೆತಕ್ಕೊಮ್ಮೆ ಬರುತ್ತವೆ, ಹೊಸಬರ ಪ್ರೋಗ್ರಾಮಿನಲ್ಲಿ ಐದು ಎಸೆತಕ್ಕೆ ಎರಡು ಬಾರಿ ಬರುತ್ತವೆ. ಪರಿಹಾರ ಸರಳ: ಸಂಖ್ಯೆಯನ್ನು ಆರಿಸಬೇಡಿ, ನಾಲ್ಕು ಕವಡೆಗಳನ್ನು ಒಂದೊಂದಾಗಿ ಎಸೆದು ಮೇಲಾಗಿ ಬಿದ್ದವನ್ನು ಎಣಿಸಿ, ಯಾವುದೂ ಮೇಲಾಗಿ ಬೀಳದಿದ್ದರೆ ಎಂಟು ಕೊಡಿ. ಹುಣಸೆ ಬೀಜವನ್ನು ಒಂದು ಬದಿ ತೇಯ್ದು ಆಡುವವರ ಗರಗಳ ಹದವೇ ಬೇರೆ. ಬೇಕಿದ್ದರೆ ಅದನ್ನೂ ನೂರು ಸಲ ಎಸೆದು ಎಣಿಸಿ ಪ್ರೋಗ್ರಾಮಿಗೆ ತರಬಹುದು. ಆಟದ ವಿನ್ಯಾಸವೆಂದರೆ ಬಹುಪಾಲು ಇಂತಹ ಎಣಿಕೆಯ ಕೆಲಸ.

ಆಮೇಲೆ ಇದಕ್ಕೆ ಆರಂಭದ ಪರದೆ, ಸದ್ದು, ಗೆದ್ದ ಸೂಚನೆ, ಮತ್ತೆ ಆಡುವ ಗುಂಡಿ, ಆಟವನ್ನು ಅರ್ಧಕ್ಕೆ ಉಳಿಸುವ ಸೌಲಭ್ಯ ಎಲ್ಲವನ್ನೂ ಸೇರಿಸಿ. ಎರಡು ವಾರಾಂತ್ಯದಲ್ಲಿ ಮುಗಿಯಿತೆಂದು ಅನ್ನಿಸಿದ ಆಟಕ್ಕೆ ಈ ಉಳಿದ ಕೆಲಸಗಳೇ ಎರಡು ತಿಂಗಳು ಹಿಡಿಯುತ್ತವೆ. ಆ ಎರಡು ತಿಂಗಳು ಬೇಸರ ಹುಟ್ಟಿಸಿದರೆ ಸ್ಟುಡಿಯೋ ವಿಷಯವನ್ನು ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಇಂಜಿನ್ ಆಯ್ಕೆ

ಇಂಜಿನ್ ಎಂದರೆ ಆಟ ಕಟ್ಟಲು ಬಳಸುವ ಮೂಲ ತಂತ್ರಾಂಶ. ಯಾವ ಇಂಜಿನ್ ಒಳ್ಳೆಯದು ಎಂಬ ವಾದದಲ್ಲಿ ಕಳೆದ ಸಮಯದಲ್ಲಿ ಒಂದು ಆಟವೇ ಮುಗಿಯಬಹುದಿತ್ತು. ಸಾಧಾರಣ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗೆ ನನ್ನ ಸಲಹೆ ಗೋಡೋ. ಇದು ಎಂಐಟಿ ಪರವಾನಗಿಯ ಮುಕ್ತ ತಂತ್ರಾಂಶ. ನೀವು ಎಷ್ಟೇ ಗಳಿಸಿದರೂ ಯಾರಿಗೂ ಪಾಲು ಕೊಡಬೇಕಾಗಿಲ್ಲ. ಯೂನಿಟಿ ಎಂಬ ಇನ್ನೊಂದು ಇಂಜಿನ್ನಿನ ಪರ್ಸನಲ್ ಆವೃತ್ತಿ ಹಿಂದಿನ ಹನ್ನೆರಡು ತಿಂಗಳ ಆದಾಯ ಮತ್ತು ಬಂಡವಾಳ 2 ಲಕ್ಷ ಡಾಲರ್ ದಾಟುವವರೆಗೆ ಉಚಿತ, ಮತ್ತು ನೌಕರಿ ಹುಡುಕುವವರಿಗೆ ಇದರ ಪರಿಚಯ ಉಪಯುಕ್ತ. ಆದರೆ 2023ರ ಸೆಪ್ಟೆಂಬರಿನಲ್ಲಿ ಆ ಕಂಪನಿ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ವಿಧಿಸುವುದಾಗಿ ಪ್ರಕಟಿಸಿ, ಪ್ರಪಂಚದಾದ್ಯಂತ ಗದ್ದಲವಾದ ಮೇಲೆ, 2024ರ ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಟ್ಟದ್ದನ್ನು ನೆನಪಿಡಬೇಕು. ಪರವಾನಗಿಯ ಷರತ್ತು ಬದಲಾಗಬಹುದೆಂಬುದಕ್ಕೆ ಅದಕ್ಕಿಂತ ಬೇರೆ ನಿದರ್ಶನ ಬೇಡ. ಅನ್‌ರಿಯಲ್ ಇಂಜಿನ್ ಒಂದು ಆಟದ ಒಟ್ಟು ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲೆ ಶೇ. 5ರಷ್ಟು ಪಾಲು ಕೇಳುತ್ತದೆ, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಅದನ್ನು ಕಲಿಯುವುದು ಕಷ್ಟ.

ಆಟದಲ್ಲಿ ಕನ್ನಡ ಅಕ್ಷರಗಳನ್ನು ತೋರಿಸುವ ಯೋಚನೆಯಿದ್ದರೆ ಮೊದಲ ದಿನವೇ ಒಂದು ಪರೀಕ್ಷೆ ಮಾಡಿ. ಪರದೆಯ ಮೇಲೆ "ಸ್ನೇಹ", "ಕ್ಷೇತ್ರ", "ಅರ್ಜುನ", "ಸಂಸ್ಕೃತಿ" ಎಂಬ ನಾಲ್ಕು ಪದಗಳನ್ನು ಬರೆದು ನೋಡಿ. ಅಕ್ಷರಗಳನ್ನು ಕೂಡಿಸಿ ಆಕಾರ ಕೊಡುವ ಶಕ್ತಿ ಇಲ್ಲದ ಕಡೆ ಒತ್ತಕ್ಷರಗಳು ಕೆಳಗಿಳಿಯದೆ ಅರ್ಧಾಕ್ಷರದ ಪಕ್ಕದಲ್ಲಿ ಬಂದು ನಿಲ್ಲುತ್ತವೆ, "ಅರ್ಜುನ"ದ ಅರ್ಕಾವೊತ್ತು ಮಾಯವಾಗುತ್ತದೆ. 2023ರ ಮಾರ್ಚಿನಲ್ಲಿ ಬಂದ ಗೋಡೋ 4ರಿಂದೀಚೆಗೆ ಇದು ಸರಿಯಾಗಿ ಮೂಡುತ್ತದೆ, ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ ಮೂಡುತ್ತಿರಲಿಲ್ಲ. ಯೂನಿಟಿಯಲ್ಲಿ ಅಕ್ಷರ ಮೂಡಿಸಲು ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೋ ಈ ವಿಷಯದಲ್ಲಿ ಕೈಕೊಡುತ್ತದೆ. ಇಡೀ ಸಂಭಾಷಣೆ ಬರೆದು ಮುಗಿಸಿದ ಮೇಲೆ ಇದು ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗುವುದು ವಾಸಿ. ಅಕ್ಷರ ವಿನ್ಯಾಸಕ್ಕೆ ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದ ಮುಕ್ತ ಪರವಾನಗಿಯ ಫಾಂಟ್‌ಗಳು ಲಭ್ಯವಿವೆ.

ಉಳಿದ ಸಲಕರಣೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಮೂರು ಆಯಾಮದ ಕೆಲಸಕ್ಕೆ ಬ್ಲೆಂಡರ್, ಚಿತ್ರಕ್ಕೆ ಕ್ರಿಟಾ, ಸದ್ದಿಗೆ ಆಡಾಸಿಟಿ ಉಚಿತವಾಗಿ ಸಿಗುತ್ತವೆ. ಆದರೆ ಕೆಲಸದ ಪ್ರತಿ ಹಂತವನ್ನೂ ಕಾಪಿಡುವ ಗಿಟ್ ಎಂಬ ಸಲಕರಣೆಯನ್ನು ಕಲಿಯದೆ ಎರಡನೆಯ ಆಟವನ್ನು ಆರಂಭಿಸಬೇಡಿ. "ಫೈನಲ್", "ಫೈನಲ್ ಹೊಸದು", "ನಿಜವಾದ ಫೈನಲ್" ಎಂಬ ಹೆಸರಿನ ಫೋಲ್ಡರುಗಳ ನಡುವೆ ಮೂರು ವಾರದ ಕೆಲಸವನ್ನು ನಾನೇ ಕಳೆದುಕೊಂಡಿದ್ದೇನೆ.

ನಾಲ್ಕನೆಯ ಹೆಜ್ಜೆ: ಜ್ಯಾಮ್‌ಗಳು ಮತ್ತು ಬಾಯಿ ಮುಚ್ಚಿಕೊಂಡು ನೋಡುವುದು

ಪ್ರತಿ ವರ್ಷ ಜನವರಿಯ ಕೊನೆಯ ಹೊತ್ತಿಗೆ ನಡೆಯುವ ಗ್ಲೋಬಲ್ ಗೇಮ್ ಜ್ಯಾಮ್, 2002ರಿಂದ ನಡೆದುಬಂದಿರುವ ಲೂಡಮ್ ಡೇರ್ ಮುಂತಾದ ಜ್ಯಾಮ್‌ಗಳಲ್ಲಿ, ಅಂದರೆ ಆಟ ತಯಾರಿಸುವ ಕೂಟಗಳಲ್ಲಿ, ಕೊಟ್ಟ ವಿಷಯದ ಮೇಲೆ ಎರಡು ಮೂರು ದಿನಗಳಲ್ಲಿ ಆಟವೊಂದನ್ನು ಮಾಡಿ ಒಪ್ಪಿಸಬೇಕು. ಇಲ್ಲಿ ಸಿಗುವ ದೊಡ್ಡ ಲಾಭ ಬಹುಮಾನವಲ್ಲ, ಯಾವ ಗೆಳೆಯ ಕೊನೆಯ ರಾತ್ರಿಯವರೆಗೆ ಕುಳಿತು ಕೆಲಸ ಮಾಡುತ್ತಾನೆ, ಯಾರು ಶನಿವಾರ ಸಂಜೆಗೆ ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ ಎಂಬ ತಿಳಿವಳಿಕೆ. ಒಂದು ವರ್ಷದಲ್ಲಿ ಇಂತಹ ಮೂರು ಆಟಗಳನ್ನಾದರೂ ಮುಗಿಸಿ, ಇಚ್ ಡಾಟ್ ಐಓ ತಾಣದಲ್ಲಿ ಹಾಕಿ. ಅಲ್ಲಿ ಆಟ ಏರಿಸಲು ಶುಲ್ಕವಿಲ್ಲ. ತಾಣಕ್ಕೆ ಎಷ್ಟು ಪಾಲು ಕೊಡಬೇಕೆಂಬುದನ್ನೂ ಮಾರುವವರೇ ನಿರ್ಧರಿಸಬಹುದು.

ನಂತರ ಆಟವನ್ನು ಅಪರಿಚಿತರ ಕೈಗೆ ಕೊಡಿ. ಪಕ್ಕದಲ್ಲಿ ಕುಳಿತು ಒಂದೇ ಒಂದು ಮಾತನ್ನೂ ಆಡದೆ ಅವರ ಹೆಬ್ಬೆರಳನ್ನು ನೋಡಿ. ಬಲಗಡೆಯ ಗುಂಡಿಯನ್ನು ಒತ್ತಬೇಕಾದ ಜಾಗದಲ್ಲಿ ಆ ಹೆಬ್ಬೆರಳು ಪರದೆಯ ನಡುವೆ ಹೋಗಿ ನಿಂತು, ಅರೆಗಳಿಗೆ ಅನುಮಾನಿಸಿ, ಹಿಂದಕ್ಕೆ ಸರಿದರೆ, ಆ ಗುಂಡಿ ಅಲ್ಲಿಯೇ ಇರಬೇಕಿತ್ತು. "ಅಲ್ಲಿ ಅಲ್ಲ, ಇಲ್ಲಿ ಒತ್ತಿ" ಎಂದು ನೀವು ಬಾಯಿಬಿಟ್ಟ ಕ್ಷಣವೇ ಆ ಪರೀಕ್ಷೆ ಹಾಳಾಯಿತು. ಮಾರಾಟವಾದ ಆಟದೊಂದಿಗೆ ನೀವು ಪಕ್ಕದಲ್ಲಿ ಕುಳಿತಿರುವುದಿಲ್ಲವಷ್ಟೆ. ಮನೆಯವರು, ಸಹಪಾಠಿಗಳು "ಚೆನ್ನಾಗಿದೆ" ಎಂದರೆ ಸಂತೋಷಪಡಿ, ಆದರೆ ಲೆಕ್ಕಕ್ಕೆ ಹಿಡಿಯಬೇಡಿ. ಕೇಳದೆಯೇ ಎರಡನೆಯ ಸಲ ಆಡಿದವರನ್ನು ಮಾತ್ರ ಎಣಿಸಿ.

ಐದನೆಯ ಹೆಜ್ಜೆ: ಗೆಳೆತನವನ್ನು ಕಾಗದಕ್ಕಿಳಿಸುವುದು

ತಂಡ ಮೂವರಿಗಿಂತ ದೊಡ್ಡದಾಗುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ: ಪ್ರೋಗ್ರಾಮ್ ಬರೆಯುವವರು ಒಬ್ಬರು, ಚಿತ್ರ ಮಾಡುವವರು ಒಬ್ಬರು, ಸದ್ದು ಮತ್ತು ಉಳಿದೆಲ್ಲ ವ್ಯವಹಾರ ನೋಡಿಕೊಳ್ಳುವವರು ಒಬ್ಬರು. "ಐಡಿಯಾ ಕೊಡುವವರು" ಎಂಬ ಹುದ್ದೆ ಇರಬಾರದು.

ಸ್ನೇಹದಲ್ಲಿ ಲೆಕ್ಕವೇಕೆ ಎನ್ನುವವರು ಕೃತಿಸ್ವಾಮ್ಯದ ಕಾನೂನನ್ನು ಒಮ್ಮೆ ಓದಬೇಕು. ನಿಮ್ಮ ಆಟಕ್ಕೆ ಗೆಳತಿಯೊಬ್ಬಳು ಸಂಗೀತ ಮಾಡಿಕೊಟ್ಟಳೆನ್ನಿ. ಆಕೆ ನಿಮ್ಮ ಸಂಬಳದ ನೌಕರಳಲ್ಲವಾದ್ದರಿಂದ ಆ ಸಂಗೀತದ ಹಕ್ಕು ಆಕೆಯದೇ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಕೊಡುವವರ ಸಹಿ ಇರಬೇಕು, ಬಾಯಿಮಾತು ನಡೆಯುವುದಿಲ್ಲ. ಬರೆದುಕೊಂಡರೂ ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಕ್ಕೆಂದು, ಪ್ರದೇಶವನ್ನು ನಮೂದಿಸದಿದ್ದರೆ ಭಾರತದೊಳಗೆ ಮಾತ್ರವೆಂದು ಕಾನೂನು ಭಾವಿಸುತ್ತದೆ. ಬೇರೆ ಷರತ್ತಿಲ್ಲದೆ ಒಂದು ವರ್ಷದೊಳಗೆ ಹಕ್ಕನ್ನು ಬಳಸದೆ ಹೋದರೆ ವರ್ಗಾವಣೆಯೇ ಬಿದ್ದುಹೋಗುತ್ತದೆ. ಆಟ ತಯಾರಾಗಲು ಮೂರು ವರ್ಷ ಹಿಡಿದು, ಅದನ್ನು ಮಾರುವುದು ಜಗತ್ತಿಗೆಲ್ಲ ಎಂದಾಗ ಈ ಮೂರು ಮಾತುಗಳು ಎಷ್ಟು ಮುಖ್ಯವೆಂಬುದು ತಾನಾಗಿ ತಿಳಿಯುತ್ತದೆ. ಆದ್ದರಿಂದ ಎರಡು ಪುಟದ ಒಪ್ಪಂದದಲ್ಲಿ ಯಾವ ಕೃತಿ, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಹಣ ಅಥವಾ ಪಾಲು, ಮತ್ತು ಒಬ್ಬರು ನಡುವೆಯೇ ಬಿಟ್ಟುಹೋದರೆ ಅವರ ಕೆಲಸ ಏನಾಗುತ್ತದೆ ಎಂಬುದನ್ನು ಸ್ಪಷ್ಟವಾಗಿ ಬರೆದು ಎಲ್ಲರೂ ಸಹಿ ಹಾಕಿ. ಕೊನೆಯ ಅಂಶವೇ ಎಲ್ಲಕ್ಕಿಂತ ಮುಖ್ಯವಾದದ್ದು, ಏಕೆಂದರೆ ಅಂತಿಮ ವರ್ಷದ ಕ್ಯಾಂಪಸ್ ಸಂದರ್ಶನದಲ್ಲಿ ಮೂವರಲ್ಲಿ ಒಬ್ಬರಿಗೆ ಕೆಲಸ ಸಿಕ್ಕೇ ಸಿಗುತ್ತದೆ.

ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ಭಾರತದ ಕಾನೂನಿನಲ್ಲಿ ಬೆಲೆಯಿಲ್ಲ. ಪಿಯುಸಿ ಓದುತ್ತಿರುವವರು ಈ ಹಂತವನ್ನು ಹೆತ್ತವರ ಹೆಸರಿನಲ್ಲಿ ಮಾಡಬೇಕು, ಇಲ್ಲವೇ ಕಾಯಬೇಕು.

ಅಂತರ್ಜಾಲದಿಂದ ತಂದ ಚಿತ್ರ ಮತ್ತು ಸದ್ದುಗಳಿಗೂ ಇದೇ ಎಚ್ಚರ ಬೇಕು. ಕೃತಿಯನ್ನು ಇತರರು ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಎಂದಾಕ್ಷಣ ಎಲ್ಲವೂ ಬಿಟ್ಟಿಯಲ್ಲ. ಕೆಲವು ಪರವಾನಗಿಗಳು ಹೆಸರು ಹಾಕಲು ಹೇಳುತ್ತವೆ, ಕೆಲವು ವ್ಯಾಪಾರಕ್ಕೆ ಬಳಸುವುದನ್ನೇ ನಿಷೇಧಿಸುತ್ತವೆ. ಪ್ರತಿ ಕಡತ ಎಲ್ಲಿಂದ, ಯಾವ ದಿನ, ಯಾವ ಪರವಾನಗಿಯಲ್ಲಿ ಬಂತೆಂದು ಒಂದು ಪಟ್ಟಿ ಇಡಿ. ಎಐ ಬಳಸಿ ಮಾಡಿದ ಚಿತ್ರವೋ ಧ್ವನಿಯೋ ಆಟದಲ್ಲಿದ್ದರೆ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ 2024ರ ಜನವರಿಯಿಂದ ಅದನ್ನು ಘೋಷಿಸಲು ಹೇಳುತ್ತದೆ.

ಆರನೆಯ ಹೆಜ್ಜೆ: ಹಣದ ಲೆಕ್ಕ

ಸ್ಟಾರ್‌ಡ್ಯೂ ವ್ಯಾಲಿ ಎಂಬ ಆಟವನ್ನು ಎರಿಕ್ ಬರೋನ್ ಒಬ್ಬರೇ ಸುಮಾರು ನಾಲ್ಕೂವರೆ ವರ್ಷ ದುಡಿದು 2016ರಲ್ಲಿ ಬಿಡುಗಡೆ ಮಾಡಿದರೆಂಬ ಕಥೆ ಎಲ್ಲರಿಗೂ ಗೊತ್ತು. ನಮ್ಮ ದೇಶದ್ದೇ ಆದ ಇನ್ನೊಂದು ಕಥೆ ವಿದ್ಯಾರ್ಥಿಗೆ ಹೆಚ್ಚು ಹತ್ತಿರದ್ದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ರಾಜಿ ಎಂಬ ತನ್ನ ಆಟಕ್ಕಾಗಿ 2017ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ತಾಣದ ಮೂಲಕ ಜನರಿಂದ ಹಣ ಕೂಡಿಸಲು ಹೊರಟು ಗುರಿ ತಲುಪಲಿಲ್ಲ. ಆಟ 2020ರಲ್ಲಿ ಹೊರಬಂತು. ನಡುವಿನ ಮೂರು ವರ್ಷ ಮನೆ ಬಾಡಿಗೆ ಯಾರು ಕಟ್ಟುತ್ತಾರೆ ಎಂಬುದೇ ಪ್ರತಿಯೊಂದು ಇಂಡೀ ಸ್ಟುಡಿಯೋದ ನಿಜವಾದ ಪ್ರಶ್ನೆ.

ಒಂದು ಊಹೆಯ ಲೆಕ್ಕ ಹಾಕೋಣ. ಸ್ಟೀಮ್‌ನಲ್ಲಿ ನಿಮ್ಮ ಆಟದ ಬೆಲೆ 236 ರೂಪಾಯಿ. ಅದರಲ್ಲಿ ಶೇ. 18ರ ಜಿಎಸ್‌ಟಿ 36 ರೂಪಾಯಿ ಹೋದರೆ 200 ಉಳಿಯಿತು. ಅದರಲ್ಲಿ ಅಂಗಡಿಯ ಪಾಲು ಶೇ. 30, ಅಂದರೆ 60 ರೂಪಾಯಿ. ನಿಮ್ಮ ಕೈಗೆ 140. ಸಾವಿರ ಪ್ರತಿ ಮಾರಾಟವಾಗಿ, ನೂರು ಜನ ಹಣ ವಾಪಸು ಪಡೆದರೆನ್ನಿ. 900 ಪ್ರತಿಗೆ 1,26,000 ರೂಪಾಯಿ. ಮೂವರಿಗೆ ಹಂಚಿದರೆ ತಲಾ 42,000. ಒಂದು ವರ್ಷದ ದುಡಿಮೆ ಎಂದು ಹಿಡಿದರೆ ತಿಂಗಳಿಗೆ 3,500 ರೂಪಾಯಿ. ಇದಕ್ಕೆ ಆದಾಯ ತೆರಿಗೆ, ವಿನಿಮಯ ದರ, ಬ್ಯಾಂಕ್ ಶುಲ್ಕಗಳನ್ನು ನಾನಿನ್ನೂ ಸೇರಿಸಿಯೇ ಇಲ್ಲ. ಪರಿಚಯವಿಲ್ಲದ ಸಾವಿರ ಜನರಿಂದ ಹಣ ಕೊಡಿಸುವುದೇ ಮೊದಲ ಆಟಕ್ಕೆ ಸಣ್ಣ ಸಾಧನೆಯಲ್ಲ ಎಂಬುದನ್ನೂ ಗಮನಿಸಿ.

ಆದ್ದರಿಂದ ಮೊದಲ ಆಟವನ್ನು ಓದಿನ ಜೊತೆಗೆ, ಎರಡನೆಯದನ್ನು ನೌಕರಿಯ ಜೊತೆಗೆ ಮಾಡುವುದು ವಿವೇಕ. ಈ ವಿಷಯದಲ್ಲಿ ಕರ್ನಾಟಕದವರಿಗೆ ಅನುಕೂಲವಿದೆ. 1997ರಲ್ಲಿ ಆರಂಭವಾಗಿ, ವಿದೇಶಿ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುತ್ತ ಬೆಳೆದು, 2019ರಲ್ಲಿ ರಾಕ್‌ಸ್ಟಾರ್ ಎಂಬ ವಿದೇಶಿ ಗೇಮ್ ಕಂಪನಿಯ ಪಾಲಾದ ಧ್ರುವ ಇಂಟರ್‌ಆಕ್ಟಿವ್ ಬೆಂಗಳೂರಿನದು. ಅಂದಿನಿಂದಲೂ ಈ ಊರಿನಲ್ಲಿ ಗೇಮ್ ಉದ್ಯೋಗಗಳಿವೆ. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ರಾಜ್ಯ ಸರ್ಕಾರ 2012ರಲ್ಲಿ ನೀತಿಯೊಂದನ್ನು ತಂದು, 2024ರಲ್ಲಿ ಅದರ ಮೂರನೆಯ ರೂಪವನ್ನು ಪ್ರಕಟಿಸಿತು. ವಿನ್ಯಾಸವನ್ನೇ ಓದಬಯಸುವವರಿಗೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಬೆಂಗಳೂರು ಕೇಂದ್ರದಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ಪದವಿಯಿದೆ.

ಬೇಗ ಹಣ ಬರುತ್ತದೆಂದು ಪಣ ಕಟ್ಟಿ ಆಡುವ ಆಟಗಳತ್ತ ಹೊರಳಲು ಯಾರಾದರೂ ಸೂಚಿಸಿದರೆ ಕಿವಿಗೊಡಬೇಡಿ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ.

ಏಳನೆಯ ಹೆಜ್ಜೆ: ಅಂಗಡಿಗೆ ಇಡುವುದು

ಸ್ಟೀಮ್‌ನಲ್ಲಿ ಪ್ರತಿ ಆಟಕ್ಕೆ 100 ಡಾಲರ್ ಶುಲ್ಕ ಕಟ್ಟಬೇಕು. ಆಟ 1,000 ಡಾಲರ್ ಗಳಿಸಿದ ಮೇಲೆ ಅದು ಮರಳಿ ಬರುತ್ತದೆ. ಶುಲ್ಕ ಕಟ್ಟಿದ ದಿನದಿಂದ 30 ದಿನ ಕಳೆಯದೆ ಮೊದಲ ಆಟವನ್ನು ಬಿಡುಗಡೆ ಮಾಡುವಂತಿಲ್ಲ, ಮತ್ತು "ಶೀಘ್ರದಲ್ಲಿ" ಎಂಬ ಪುಟ ಕನಿಷ್ಠ ಎರಡು ವಾರ ಜನರಿಗೆ ಕಾಣುತ್ತಿರಬೇಕು. ನನ್ನ ಸಲಹೆಯೇನೆಂದರೆ, ಎರಡು ವಾರವಲ್ಲ, ಆರು ತಿಂಗಳು ಮೊದಲೇ ಆ ಪುಟವನ್ನು ತೆರೆಯಿರಿ. ಆಟವನ್ನು ವಿಶ್‌ಲಿಸ್ಟ್‌ಗೆ, ಅಂದರೆ ಮುಂದೆ ಕೊಳ್ಳಬೇಕೆಂಬ ಪಟ್ಟಿಗೆ, ಸೇರಿಸಿಕೊಂಡವರಿಗೆ ಬಿಡುಗಡೆಯ ದಿನ ಸೂಚನೆ ಹೋಗುವುದರಿಂದ ಆ ಪಟ್ಟಿಯೇ ನಿಮ್ಮ ಮೊದಲ ವಾರದ ವ್ಯಾಪಾರ. ಬರಲಿರುವ ಆಟಗಳ ಡೆಮೋಗಳನ್ನು ಜನ ಆಡಿ ನೋಡಲೆಂದು ವರ್ಷಕ್ಕೆ ಮೂರು ಬಾರಿ ನಡೆಯುವ ಸ್ಟೀಮ್ ನೆಕ್ಸ್ಟ್ ಫೆಸ್ಟ್‌ನಲ್ಲಿ ಒಂದು ಆಟಕ್ಕೆ ಒಂದೇ ಅವಕಾಶ. ಡೆಮೋ ಗಟ್ಟಿಯಾಗುವವರೆಗೆ ಅದನ್ನು ಬಳಸಬೇಡಿ.

ಖರೀದಿಸಿದ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ಒಂದೂವರೆ ಗಂಟೆಯಲ್ಲಿ ಮುಗಿಯುವ ಕಥೆಯಾಟ ಮಾಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಲೆ ನಿಗದಿ ಮಾಡಬೇಕು. ಹಾಗೆಂದು ಆಟವನ್ನು ಸುಮ್ಮನೆ ಎಳೆದು ಉದ್ದ ಮಾಡಿದರೆ ಆಟಗಾರರಿಗೆ ಗೊತ್ತಾಗದೇ ಇರುವುದಿಲ್ಲ.

ಮೊಬೈಲ್ ಆಟವಾದರೆ ಗೂಗಲ್ ಪ್ಲೇ ಖಾತೆಗೆ ಒಂದೇ ಸಲ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ಗೂಗಲ್‌ನಲ್ಲಿ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಕನಿಷ್ಠ 12 ಜನರಿಂದ ಸತತ 14 ದಿನ ಮುಚ್ಚಿದ ಪರೀಕ್ಷೆ, ಅಂದರೆ ಆಹ್ವಾನಿತರಷ್ಟೇ ಆಡುವ ಪರೀಕ್ಷೆ, ನಡೆಸಿದ ನಂತರವೇ ಬಿಡುಗಡೆಗೆ ಅರ್ಜಿ ಹಾಕಬಹುದು. ಹಾಸ್ಟೆಲಿನಲ್ಲಿರುವವರಿಗೆ ಹನ್ನೆರಡು ಜನ ಸಿಗುವುದೇನೂ ಕಷ್ಟವಲ್ಲ, ಹದಿನಾಲ್ಕು ದಿನ ಅವರು ಆಟವನ್ನು ಫೋನಿನಿಂದ ತೆಗೆಯದಂತೆ ನೋಡಿಕೊಳ್ಳುವುದು ಕಷ್ಟ.

ಎಂಟನೆಯ ಹೆಜ್ಜೆ: ಈಗ ಸ್ಟುಡಿಯೋ

ಹೆಸರು ಮತ್ತು ಲೋಗೋ ಹೊರತೆಗೆಯುವ ಕಾಲ ಇದು. ಒಬ್ಬರೇ ಇದ್ದರೆ ಕಂಪನಿ ಸ್ಥಾಪಿಸುವ ಅಗತ್ಯವೇ ಇಲ್ಲ. ನಿಮ್ಮ ಪ್ಯಾನ್, ನಿಮ್ಮ ಬ್ಯಾಂಕ್ ಖಾತೆಯಲ್ಲೇ ಏಕವ್ಯಕ್ತಿ ಒಡೆತನದ ವ್ಯವಹಾರ ನಡೆಸಬಹುದು, ಸರ್ಕಾರದ ತಾಣದಲ್ಲಿ ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ಇಬ್ಬರು ಮೂವರಿದ್ದರೆ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಸೂಕ್ತ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಪ್ರತಿ ವರ್ಷ ಲೆಕ್ಕಪರಿಶೋಧನೆ ಮಾಡಿಸಲೇಬೇಕು, ವರದಿಗಳನ್ನು ಸಲ್ಲಿಸಲೇಬೇಕು. ಹೂಡಿಕೆದಾರರು ಬಾಗಿಲಿಗೆ ಬಂದು ನಿಂತ ದಿನ ಅದನ್ನು ಮಾಡಿದರಾಯಿತು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ, ಆದರೂ ವಿದೇಶದಿಂದ ಹಣ ಬರುವ ವ್ಯವಹಾರವಾದ್ದರಿಂದ ಒಬ್ಬ ಲೆಕ್ಕಪರಿಶೋಧಕರೊಂದಿಗೆ ಒಂದು ಗಂಟೆ ಕುಳಿತು ಮಾತನಾಡುವುದಕ್ಕೆ ಹಣ ಖರ್ಚು ಮಾಡಿ.

ಸ್ಟೀಮ್ ಖಾತೆ ತೆರೆಯುವಾಗ ಅಮೆರಿಕದ ತೆರಿಗೆಗೆ ಸಂಬಂಧಿಸಿದ ಪ್ರಶ್ನಾವಳಿಯೊಂದು ಬರುತ್ತದೆ. ಅದರಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ ಲಾಭವನ್ನು ಕೋರಿದರೆ, ಅಮೆರಿಕದ ಗ್ರಾಹಕರಿಂದ ಬಂದ ಪಾಲಿನ ಮೇಲಿನ ಕಡಿತ ಶೇ. 30ರಿಂದ 15ಕ್ಕೆ ಇಳಿಯುತ್ತದೆ. ಖಾತೆಯ ಹೆಸರು, ಪ್ಯಾನ್‌ನ ಹೆಸರು, ಬ್ಯಾಂಕಿನ ಹೆಸರು ಮೂರೂ ಅಕ್ಷರ ಅಕ್ಷರ ಹೊಂದಬೇಕು. ತಂದೆಯ ಹೆಸರಿನ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ನಮ್ಮವರಲ್ಲಿ ಮಾಮೂಲು, ಅದನ್ನು ಬಿಡುಗಡೆಗೆ ಮೂರು ತಿಂಗಳ ಮೊದಲೇ ಸರಿಪಡಿಸಿಕೊಳ್ಳಿ. ಒಂದು ತಿಂಗಳ ಮಾರಾಟದ ಹಣ ಮುಂದಿನ ತಿಂಗಳ ಕೊನೆಗೆ ಬರುತ್ತದೆ, ಬಾಕಿ 100 ಡಾಲರ್ ತಲುಪದಿದ್ದರೆ ಅಲ್ಲಿಯೇ ಕೂಡುತ್ತಿರುತ್ತದೆ. ಮೊದಲ ಸಲ ಹಣ ಬಂದಾಗ ಬ್ಯಾಂಕಿನವರು ಫೋನ್ ಮಾಡಿ ಇದು ಯಾವ ಬಾಬಿನ ಹಣವೆಂದು ವಿಚಾರಿಸುತ್ತಾರೆ. ತಂತ್ರಾಂಶದ ಮಾರಾಟದ ಆದಾಯವೆಂದು ತಿಳಿಸಿ, ವಿದೇಶಿ ಹಣ ಜಮೆಯಾದ ಬಗ್ಗೆ ಅವರಿಂದ ಪ್ರಮಾಣಪತ್ರ ಕೇಳಿ ಪಡೆದು, ಗೆಳೆಯರೊಂದಿಗೆ ಮಾಡಿಕೊಂಡ ಆ ಎರಡು ಪುಟದ ಒಪ್ಪಂದದ ಜೊತೆಗೇ ಕಡತದಲ್ಲಿ ಸೇರಿಸಿಡಿ.